ಮಂಜಿನೊಳಗಿನ ಮೂವತ್ತು ಗಜ

ನನ್ನ ಸೋದರಮಾವನಿಗೆ ವೀರ ಚಕ್ರ ಬಂದದ್ದು ನಾನು ಹುಟ್ಟುವ ಮೊದಲು. ಎಪ್ಪತ್ತೊಂದರ ಯುದ್ಧದಲ್ಲಿ, ಇಪ್ಪತ್ತಾರು ವರ್ಷದ ಕ್ಯಾಪ್ಟನ್ ಆಗಿದ್ದಾಗ, ಪಶ್ಚಿಮದ ಗಡಿಯಾಚೆ ಮೈನ್ ಹೂತಿಟ್ಟಿದ್ದ ಹೊಲವೊಂದರಲ್ಲಿ ಅವರು ನಮ್ಮ ಟ್ಯಾಂಕುಗಳ ಮುಂದೆ ತಾವೇ ನಡೆದು ಅವನ್ನು ದಾಟಿಸಿದ್ದರು. ಧಾರವಾಡದ ನಮ್ಮ ಮನೆಯ ಮಕ್ಕಳಿಗೆಲ್ಲ ಈ ಕಥೆ ಬಾಯಿಪಾಠವಾಗಿತ್ತು. ಸಂಜೆ ಓಣಿಯಲ್ಲಿ ಎಮ್ಮೆಗಳು ಮನೆಗೆ ಮರಳುವ ಹೊತ್ತಿಗೆ ನಾವು ಅವುಗಳ ಮುಂದೆ ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದೆವು. ಹಿಂದೆ ತಿರುಗಿ ನೋಡಿದವರು ಸೋತ ಹಾಗೆ. ಎಮ್ಮೆಯ ಬಿಸಿಯುಸಿರು ಬೆನ್ನಿಗೆ ತಾಗುತ್ತಿದ್ದಾಗ ನನಗೆ ಮಾಮಾ ನೆನಪಾಗುತ್ತಿದ್ದರು. ಅವರು ಹಿಂದೆ ತಿರುಗಿ ನೋಡಿರಲಿಲ್ಲವೆಂದು ನಾನು ಪೂರ್ತಿ ನಂಬಿದ್ದೆ.

ಮಾಮಾ ಮಾತ್ರ ಆ ಮಾತನ್ನು ತೆಗೆಯುತ್ತಿರಲಿಲ್ಲ. ಯಾರಾದರೂ ಕೇಳಿದರೆ, ನದಿಗೆ ಸೇತುವೆ ಕಟ್ಟಿದ್ದು, ಹೇಸರಗತ್ತೆಯೊಂದು ಅಡುಗೆಯವನ ಬೆಲ್ಲ ತಿಂದದ್ದು, ಇಂಥವನ್ನು ಹೇಳಿ ಮುಗಿಸುತ್ತಿದ್ದರು. ಕರ್ನಲ್ ಆಗಿ ನಿವೃತ್ತರಾದರು. ಅತ್ತೆ ತೀರಿಕೊಂಡ ಮೇಲೆ ಅಮೆರಿಕದ ರಾಲಿಯಲ್ಲಿ ಡಾಕ್ಟರಾಗಿರುವ ಮಗಳ ಮನೆಗೆ ಬಂದು ನೆಲೆಸಿದರು. ನಾನಿರುವುದು ಗೈದರ್ಸ್‌ಬರ್ಗ್‌ನಲ್ಲಿ, ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಕೆಲಸ. ರಾಲಿ ನನಗೆ ಐದು ಗಂಟೆಯ ದಾರಿ. ವರ್ಷಕ್ಕೆ ಎರಡು ಸಲ ಹೋಗಿ ಅವರ ಕೈಯ ಚಹಾ ಕುಡಿದು ಬರುತ್ತಿದ್ದೆ.

ಕೋವಿಡ್ ಎಲ್ಲರನ್ನೂ ಮನೆಯಲ್ಲಿ ಕೂರಿಸಿದ್ದ ಕಾಲದಲ್ಲಿ, ಒಂದು ಜನವರಿಯಲ್ಲಿ, ರಾಲಿಯ ಕನ್ನಡಿಗರು ಗಣರಾಜ್ಯೋತ್ಸವಕ್ಕೆ ಆನ್‌ಲೈನ್ ಕಾರ್ಯಕ್ರಮ ಇಟ್ಟುಕೊಂಡು ಮಾಮಾನನ್ನು ಹತ್ತು ನಿಮಿಷ ಮಾತಾಡಲು ಕೇಳಿದರು. ಮಾಮಾ ಐದು ನಿಮಿಷದಲ್ಲಿ ಸೇತುವೆಯನ್ನೂ ಹೇಸರಗತ್ತೆಯನ್ನೂ ಮುಗಿಸಿ ನಮಸ್ಕಾರ ಹೇಳಿದರು. ಎರಡು ದಿನ ಬಿಟ್ಟು ಅಟ್ಲಾಂಟಾದಿಂದ ಒಬ್ಬ ಹುಡುಗಿಯ ಇಮೇಲ್ ಬಂತು. ಅವಳ ತಾತ ಆ ಕಾರ್ಯಕ್ರಮ ನೋಡಿದ್ದರಂತೆ. ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು "ಇವರು ನನ್ನ ಕ್ಯಾಪ್ಟನ್ ಸಾಬ್" ಎಂದಿದ್ದರಂತೆ. ಅವರು ಮಾಮಾನ ತುಕಡಿಯಲ್ಲಿ ಹವಾಲ್ದಾರರಾಗಿದ್ದವರು, ಕೋಲಾರದ ಕಡೆಯವರು, ಈಗ ಮಗನ ಮನೆಯಲ್ಲಿದ್ದಾರೆ ಎಂದೂ ಬರೆದಿದ್ದಳು. ಅಂದಿನಿಂದ ತಾತ ಸೋಫಾದಲ್ಲಿ ಒರಗದೆ ನೆಟ್ಟಗೆ ಕೂರುತ್ತಿದ್ದಾರೆ ಎಂಬುದು ಆ ಪತ್ರದ ಕೊನೆಯ ಸಾಲು.

ಮಾಮಾನ ಮಗಳು ನನಗೆ ಫೋನ್ ಮಾಡಿದಳು. "ಅಪ್ಪ ಅಟ್ಲಾಂಟಾಕ್ಕ ಹೋಗ್ಬೇಕು ಅಂತ ಕೂತಾರ. ಫೋನ್ ಮಾಡಿ ಮಾತಾಡ್ರಿ ಅಂದ್ರ ಒಲ್ಲೆ ಅಂತಾರ. ಎದುರಿಗೆ ಹೇಳೂ ಮಾತಂತ. ಪ್ಲೇನೂ ಬ್ಯಾಡಂತ. ನನಗ ಇಲ್ಲೆ ರಜಾ ಸಿಗೂದಿಲ್ಲ. ನೀ ಡ್ರೈವ್ ಮಾಡ್ತೀಯೇನ?"

ಮಾಡ್ತೀನಿ ಎಂದೆ. ಲಸಿಕೆ, ಬೂಸ್ಟರ್ ಎಲ್ಲ ಮುಗಿದು ನಾವು ಹೊರಟದ್ದು ಮರುವರ್ಷದ ವಸಂತದಲ್ಲಿ.

ಆ ದಿನಗಳಲ್ಲಿ ಕೆರೊಲೈನಾದಲ್ಲಿ ಪೈನ್ ಮರಗಳು ಪರಾಗ ಉದುರಿಸುತ್ತವೆ. ಕಾರು, ಮೆಟ್ಟಿಲು, ಅಂಚೆಪೆಟ್ಟಿಗೆ, ಎಲ್ಲದರ ಮೇಲೆ ಅರಿಶಿನ ಚೆಲ್ಲಿದ ಹಾಗೆ ಹಳದಿ ಹುಡಿ. ಗಾಳಿ ಬಂದರೆ ಕಾಡಿನಿಂದ ಹಳದಿ ಹೊಗೆ ಏಳುತ್ತದೆ. ಮಾಮಾ ಬೂದು ಬಣ್ಣದ ಕೋಟು, ಟೈ ಹಾಕಿಕೊಂಡು, ಕಾರಿನ ಗಾಜಿನ ಮೇಲಿನ ಹುಡಿಯನ್ನು ಕರವಸ್ತ್ರದಿಂದ ಒರೆಸಿ, ನನ್ನ ಪಕ್ಕ ಕುಳಿತರು. ಆರು ಗಂಟೆಯ ದಾರಿ. ಎರಡೂ ಕಡೆ ಪೈನ್ ಮರಗಳ ಗೋಡೆ, ನಡುವೆ ಬೂದು ರಸ್ತೆ. ಟೈರಿನ ಸದ್ದು ಜೋಗುಳದಂತೆ ಒಂದೇ ಸಮ ಕೇಳುತ್ತಿತ್ತು. ಒಂದೊಂದು ಸಲ ಕಾರು ನಿಂತಲ್ಲೇ ನಿಂತಿದೆ, ಮರಗಳೇ ಉತ್ತರಕ್ಕೆ ಹರಿಯುತ್ತಿವೆ ಅನ್ನಿಸುತ್ತಿತ್ತು.

ದಕ್ಷಿಣ ಕೆರೊಲೈನಾದೊಳಗೆ ಒಂದು ಕಡೆ ಹೆದ್ದಾರಿಯ ಮಗ್ಗುಲಲ್ಲಿ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕಿ ಇದೆ. ಆವತ್ತು ತೆಳು ಮೋಡದಲ್ಲಿ ಅದು ತಡವಾಗಿ ಎದ್ದ ಸೂರ್ಯನ ಹಾಗೆ ಕಂಡಿತು. ಮಾಮಾ ಅದನ್ನು ಕತ್ತು ತಿರುಗಿಸಿ ನೋಡುತ್ತಲೇ ಇದ್ದರು. ಅದು ಮರೆಯಾದ ಮೇಲೆ ಹೇಳಿದರು.

"ನಿಮಗೆಲ್ಲಾ ಗೊತ್ತಿದ್ದ ಕಥಿಯೊಳಗ ಒಂದು ತುಣುಕು ನಾ ಬಿಟ್ಟೇನಿ. ಯಾರಿಗೂ ಹೇಳಿಲ್ಲ. ನಿಮ್ಮ ಅತ್ತಿಗೂ ಹೇಳಿದ್ದಿಲ್ಲ."

ನಾನು ರೇಡಿಯೋ ಆರಿಸಿದೆ.

ಅವರು ಸ್ಯಾಪರ್ ಅಧಿಕಾರಿ. ಸೈನ್ಯಕ್ಕೆ ಸೇತುವೆ ಕಟ್ಟುವುದು, ಶತ್ರು ಹೂತ ಮೈನ್‌ಗಳನ್ನು ಕಿತ್ತು ದಾರಿ ಬಿಡಿಸುವುದು ಅವರ ಕೆಲಸ. ಆ ರಾತ್ರಿ ಅವರ ತುಕಡಿ ಒಂದು ಹೊಲದೊಳಗೆ, ಟ್ಯಾಂಕು ಹಾಯುವಷ್ಟು ಅಗಲಕ್ಕೆ, ನೆಲವನ್ನು ಸಲಾಕೆಯಿಂದ ಅಂಗುಲಂಗುಲ ಚುಚ್ಚಿ ನೋಡುತ್ತ, ಸಿಕ್ಕ ಮೈನ್‌ಗಳನ್ನು ತೆಗೆಯುತ್ತ, ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸುತ್ತ ಸಾಗಿತ್ತು. ಬೆಳಕು ಹರಿಯುವ ಮೊದಲು ಟ್ಯಾಂಕುಗಳು ದಾಟಬೇಕಿತ್ತು. ನಸುಕಿನಲ್ಲಿ ಡಿಸೆಂಬರಿನ ದಟ್ಟ ಮಂಜು ಇಳಿಯಿತು. ಇನ್ನು ಮೂವತ್ತು ಗಜ ಉಳಿದಿದ್ದಾಗ ಬಿಳಿ ಪಟ್ಟಿ ಮುಗಿಯಿತು. ಅದೇ ಹೊತ್ತಿಗೆ ಶೆಲ್ ಬೀಳತೊಡಗಿದವು. ಮೂವರಿಗೆ ಗಾಯವಾಯಿತು. ಒಬ್ಬನ ತೊಡೆಯಿಂದ ಚಿಮ್ಮುತ್ತಿದ್ದ ರಕ್ತವನ್ನು ಮಾಮಾ ಎರಡೂ ಕೈಯಿಂದ ಅದುಮಿ ಹಿಡಿದು ಕಾಲುವೆಯಲ್ಲಿ ಕುಳಿತಿದ್ದರು. ಪಕ್ಕದ ವೈರ್‌ಲೆಸ್ಸಿನಲ್ಲಿ ಹಿಂದಿನಿಂದ ಟ್ಯಾಂಕಿನವರು ಕೇಳುತ್ತಲೇ ಇದ್ದರು: ದಾರಿ ಆಯಿತೇ?

"ಎರಡು ಸಲ ಇನ್ನೂ ಇಲ್ಲ ಅಂದೆ," ಎಂದರು ಮಾಮಾ. "ಮೂರನೇ ಸಲ ಆಗ್ಯದ ಅಂದ್ಬಿಟ್ಟೆ."

"ಯಾಕ ಮಾಮಾ?"

"ಯಾಕ ಅಂತ ಐವತ್ತು ವರ್ಷ ಕೇಳ್ಕೊಂಡೇನಿ. ಸುಸ್ತು ಆಗಿತ್ತು. ಆ ದನಿ ಮತ್ತ ಕೇಳಬಾರದು ಅನ್ನಿಸಿತ್ತು. ಅಷ್ಟೇ."

ಮಂಜಿನಲ್ಲಿ ಟ್ಯಾಂಕುಗಳು ಬಂದು ಸೇರಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತೂ ಗಾಯಾಳುವಿನ ತೊಡೆಯಿಂದ ಕೈ ತೆಗೆಯುವಂತಿರಲಿಲ್ಲ. ಅವನನ್ನು ಹೊತ್ತೊಯ್ಯುವವರು ಬಂದಾಗ, ಮೊದಲ ಟ್ಯಾಂಕೂ ಗುರುಗುಡುತ್ತ ಬಂದು ನಿಂತಿತ್ತು. ಪಟ್ಟಿ ಮುಗಿದ ಜಾಗದಲ್ಲಿ ದಾರಿ ಕಾಣುತ್ತಿಲ್ಲ ಎಂದು ಒಳಗಿನಿಂದ ಕೂಗಿದರು. ಆಗ ಮಾಮಾ, ನಾನು ಮುಂದೆ ನಡೆಯುತ್ತೇನೆ, ನನ್ನ ಬೆನ್ನು ನೋಡಿಕೊಂಡು ಬನ್ನಿ ಎಂದರು.

"ಶೌರ್ಯ ಅಂತ ಬರದಾರ ಕಾಗದದಾಗ," ಎಂದರು. "ನಾ ನಡದದ್ದು ನಾಚಿಕಿಗೆ. ನಾ ಹಾರಿ ಹೋದ್ರ ಹಿಂದಿನ ಟ್ಯಾಂಕಾದ್ರೂ ನಿಲ್ತದಲ್ಲ, ಅಂತ. ಮೂವತ್ತು ಗಜ. ಏನೂ ಆಗ್ಲಿಲ್ಲ. ನೆಲದಾಗ ಏನೂ ಇದ್ದಿದ್ದಿಲ್ಲ. ದೇವರು ನನ್ನ ಸುಳ್ಳು ಖರೇ ಮಾಡಿದ ಅಂದ್ಕೊಂಡೆ."

"ಈ ಹವಾಲ್ದಾರರು?"

"ನಾ ಆಗ್ಯದ ಅಂದಾಗ ಅಂವಾ ಅಲ್ಲೇ ಬಾಜೂಕ ಇದ್ದ. ಮೂವತ್ತು ಗಜ ಬಾಕಿ ಅದ ಅನ್ನೋದು ಅವನಿಗೆ ಗೊತ್ತಿತ್ತು. ಮುಂದ ಅಂವಾ ಬ್ಯಾರೆ ಕಡೆ ಹೋದ, ನಾ ಬ್ಯಾರೆ ಕಡೆ ಹೋದೆ. ಯಾರಿಗೂ ಹೇಳ್ಲಿಲ್ಲ ಅಂವಾ. ನನ್ನ ಮ್ಯಾಲೆ ಏನು ತಿಳ್ಕೊಂಡಾನೋ ಅಂತ ಇಷ್ಟು ವರ್ಷ ಆತು. ಅದನ್ನ ಕೇಳ್ಬೇಕಾಗ್ಯದ."

ಅಷ್ಟು ಹೇಳಿ ಅವರು ಕಣ್ಣು ಮುಚ್ಚಿದರು. ನಿದ್ದೆ ಬಂದಿರಲಿಲ್ಲ. ಮುಚ್ಚಿದ ರೆಪ್ಪೆಗಳು ಅಲುಗುತ್ತಿದ್ದವು. ನಾನು ಸ್ಟೀರಿಂಗ್ ಹಿಡಿದು ಮರಗಳ ನಡುವೆ ಹೋಗುತ್ತಲೇ ಇದ್ದೆ. ಚಿಕ್ಕಂದಿನ ಓಣಿ, ಎಮ್ಮೆಗಳು, ಎದೆ ಉಬ್ಬಿಸಿದ ನಾವು, ಎಲ್ಲ ಕಿಟಕಿಯಾಚೆ ಹಳದಿ ಹುಡಿಯಲ್ಲಿ ತೇಲಿ ಬಂದು ಹೋದ ಹಾಗಾಯಿತು. ನನಗೆ ಬೇಸರವಾಗಲಿಲ್ಲ. ಮಾಮಾ ಹತ್ತಿರದವರಾದರು ಅನ್ನಿಸಿತು.

ಅಟ್ಲಾಂಟಾದ ಹೊರವಲಯದ ಆ ಮನೆಗೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಇಮೇಲ್ ಬರೆದಿದ್ದ ಮೊಮ್ಮಗಳು ಬಾಗಿಲಲ್ಲೇ ಇದ್ದಳು. "ತಾತ ಮಾರ್ನಿಂಗ್‌ನಿಂದ ಶೂಸ್ ಹಾಕ್ಕೊಂಡೇ ಇದಾರೆ, ಆಂಟಿ," ಎಂದಳು ಮೆಲ್ಲಗೆ. "ಒಳಗಡೆ ಬಿಡಲ್ಲ ನಾವು ಶೂಸ್. ಟುಡೇ ಓಕೆ."

ಹವಾಲ್ದಾರರು ಗ್ಯಾರೇಜಿನ ಮುಂದೆ ನಿಂತಿದ್ದರು. ಸಣಕಲು ಮೈ, ಎಂಬತ್ತು ದಾಟಿದ ಮುಖ, ಕನ್ನಡಿಯಂತೆ ಹೊಳೆಯುವ ಕರಿ ಬೂಟು. ಮಾಮಾ ಕಾರಿನಿಂದ ಇಳಿದು ಕೋಟಿನ ಗುಂಡಿ ಹಾಕಿಕೊಳ್ಳುವ ಮೊದಲೇ ಅವರ ಬಲಗೈ ಹಣೆಗೆ ಏರಿತ್ತು. ಮಾಮಾನೂ ಸೆಲ್ಯೂಟ್ ಮಾಡಿದರು. ಮೇಲಧಿಕಾರಿ ಕೈ ಇಳಿಸಿದ ಮೇಲೆ ಉಳಿದವರು ಇಳಿಸಬೇಕು ಎಂಬುದು ಸೈನ್ಯದ ರೂಢಿ. ಮಾಮಾ ಕೈ ಇಳಿಸಲಿಲ್ಲ. ಇಬ್ಬರೂ ಹಾಗೇ ನಿಂತರು.

"ಕೈ ಇಳಿಸಿ ಸಾಬ್," ಎಂದರು ಅವರು. "ನಂಗೆ ಭುಜ ನೋಯ್ತದೆ."

ಮಾಮಾ ಕೈ ಇಳಿಸಿ, ಎರಡು ಹೆಜ್ಜೆ ಮುಂದೆ ಹೋಗಿ ಅವರನ್ನು ಅಪ್ಪಿಕೊಂಡರು.

ಊಟಕ್ಕೆ ಹವಾಲ್ದಾರರ ಹೆಂಡತಿ ರಾಗಿ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ಮಾಮಾ ಮುದ್ದೆಯನ್ನು ಅಗಿಯುತ್ತಿದ್ದರು. "ನುಂಗ್ಬೇಕು ಸಾಬ್, ಆಗ್ಲೂ ಇಂಗೇ ಅಗೀತಿದ್ರಿ," ಎಂದರು ಹವಾಲ್ದಾರರು. ಊಟವಾದ ಮೇಲೆ ನಾವು ಹಿತ್ತಲಿನ ಮರದ ಜಗಲಿಯಲ್ಲಿ ಕುಳಿತೆವು. ಎದುರಿಗೆ ಇಳಿಜಾರಿನ ಹುಲ್ಲುಹಾಸು, ಅದರಾಚೆ ಪೈನ್ ಮರಗಳು. ಮೊಮ್ಮಗಳು ಮೆಡಲ್ ನೋಡಬಹುದೇ ಎಂದು ಕೇಳಿದಳು. ಮಾಮಾ ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಕೊಟ್ಟರು. ಬೆಳ್ಳಿಯ ದುಂಡು ಪದಕ, ಅರ್ಧ ಕಡುನೀಲಿ ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಹವಾಲ್ದಾರರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಅಂಗಿಯ ಚುಂಗಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಡಬ್ಬಿಯಲ್ಲಿಟ್ಟು ಮಾಮಾನಿಗೇ ಮರಳಿಸಿದರು.

ಮಾಮಾ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಆವತ್ತು ನಾ ವೈರ್‌ಲೆಸ್ಸಿನಾಗ ಆಗ್ಯದ ಅಂತ ಸುಳ್ಳು ಹೇಳಿದೆ," ಎಂದರು. "ನಿನಗ ಗೊತ್ತಿತ್ತು. ನೀ ಯಾರಿಗೂ ಹೇಳ್ಲಿಲ್ಲ. ಅದಕ್ಕ ಮಾಫಿ ಕೇಳಾಕ ಬಂದೀನಿ."

ಹವಾಲ್ದಾರರು ಕುರ್ಚಿಯನ್ನು ಮಾಮಾನ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಕೇಳಿದರು, "ಸುಳ್ಳು ಎಲ್ಲಾಯ್ತು ಸಾಬ್?"

"ಮೂವತ್ತು ಗಜ ಬಾಕಿ ಇತ್ತಲ್ಲ."

"ಇತ್ತು. ನೀವು ಆಗೈತೆ ಅಂದಿದ್ದು ನನ್ ಕಿವೀಗೆ ಬಿತ್ತು. ಸಾಬ್ ಆಗೈತೆ ಅಂದ್ಮೇಲೆ ಆಗ್ಬೇಕಲ್ಲ. ಅದಕ್ಕೆ ನಾನು ಸಲಾಕೆ ತಗೊಂಡು ಮುಂದಕ್ಕೆ ತೆವಳ್ಕೊಂಡು ಹೋದೆ. ಟ್ಯಾಂಕು ಬರೋದ್ರೊಳಗೆ ಅಷ್ಟನ್ನೂ ನೋಡ್ಬಿಟ್ಟೆ."

ಮಾಮಾ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದರು.

"ವಾಪಸ್ ಬಂದು ಹೇಳಾಣ ಅಂತ ತಿರುಗಿದ್ರೆ ಮಂಜಲ್ಲಿ ನೀವು ನಡ್ಕೊಂಡು ಬರ್ತಾ ಇದ್ದೀರಿ, ಹಿಂದೆ ಟ್ಯಾಂಕು. ನಾನು ಪಕ್ಕಕ್ಕೆ ಕೆಸರಲ್ಲಿ ಉರುಳ್ಕೊಂಡೆ. ನೀವು ನನ್ ಮುಂದೇನೇ ಹೋದ್ರಿ. ನಿಮ್ ಮುಖ ನೋಡ್ದೆ. ಈ ಮನುಷ್ಯ ಸಾಯಾಕೆ ಹೋಗ್ತಾವ್ರೆ ಅಂತ ಗೊತ್ತಾಯ್ತು. ಕೂಗ್ದೆ. ಟ್ಯಾಂಕಿನ ಸದ್ದಲ್ಲಿ ಯಾರಿಗೆ ಕೇಳ್ತದೆ."

"ಏನರೆ ಸಿಕ್ಕಿತ್ತೇನು ಅಲ್ಲೆ?" ಎಂದರು ಮಾಮಾ.

"ಎರಡು. ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದು ನಿಮಗೆ, ದೊಡ್ಡದು ಟ್ಯಾಂಕಿಗೆ."

ಮರಗಳಲ್ಲಿ ಗಾಳಿ ಆಡಿ ಹಳದಿ ಹುಡಿ ಎದ್ದು ಹುಲ್ಲಿನ ಮೇಲೆ ನಿಧಾನ ಇಳಿಯಿತು. ಮೊಮ್ಮಗಳು ನನ್ನತ್ತ ನೋಡಿದಳು, ಅವಳಿಗೆ ಎಷ್ಟು ಅರ್ಥವಾಯಿತೋ. ಮಾಮಾ ಕೈಗಳನ್ನು ಮುಂದೆ ಚಾಚಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಯಾಕ ಹೇಳ್ಲಿಲ್ಲೋ?" ಎಂದರು ಕೊನೆಗೆ. "ನಿನಗ ಬರಬೇಕಾಗಿತ್ತು ಇದು."

"ಏನಂತ ಹೇಳ್ಲಿ ಸಾಬ್. ಮೈನ್ ತೆಗೆಯೋದು ನನ್ ಕೆಲ್ಸ, ದಿನಾ ಮಾಡೋದೇ. ನೀವು ಮೈನ್ ಇದೆ ಅಂತ ತಿಳ್ಕೊಂಡು ನಡೆದ್ರಿ. ಅಲ್ಲಿ ಏನೂ ಇರ್ಲಿಲ್ಲ ಅಂತ ನಾನು ಹೇಳ್ಬಿಟ್ರೆ ನೀವು ನಡೆದಿದ್ದು ಚಿಕ್ಕದಾಗೋಗ್ತದೆ ಅನ್ನಿಸ್ತು. ಆಮೇಲೆ ನಮಗೆ ಬದ್ಲಿ ಆಯ್ತು. ಆಮೇಲೆ ಮದುವೆ, ಮಕ್ಳು. ದಿನ ಹೋಯ್ತು."

ಮಾಮಾ ನಗಲು ಶುರುಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಹೆಗಲು ಕುಲುಕುವಂತೆ. ಹವಾಲ್ದಾರರೂ ನಕ್ಕರು. ಇಬ್ಬರ ಕಣ್ಣಲ್ಲೂ ನೀರು ಬಂದಿತ್ತು. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋದೆ.

ಆ ರಾತ್ರಿ ನಾವು ಅಲ್ಲೇ ಉಳಿದೆವು. ಬೆಳಿಗ್ಗೆ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ನೋಡಿದರೆ ಹಿತ್ತಲು ಕಾಣುತ್ತಿರಲಿಲ್ಲ. ನೆಲದಿಂದ ಎದ್ದ ಮಂಜು ಪೈನ್ ಮರಗಳ ನಡುವಿನವರೆಗೂ ತುಂಬಿತ್ತು. ಅದರೊಳಗೆ ಎರಡು ಆಕೃತಿಗಳು ನಡೆಯುತ್ತಿದ್ದವು. ಮುಂದೆ ಹವಾಲ್ದಾರರು, ಊರುಗೋಲನ್ನು ಹುಲ್ಲಿಗೆ ಊರುತ್ತ. ಹಿಂದೆ ಮಾಮಾ, ಕೋಟಿನ ಮೇಲೆ ನನ್ನ ಶಾಲು ಹೊದ್ದು, ಬೆರಳಲ್ಲಿ ಹೆಜ್ಜೆ ಎಣಿಸುತ್ತ. ಹವಾಲ್ದಾರರು ಒಂದು ಕಡೆ ನಿಂತು ಊರುಗೋಲಿನಿಂದ ನೆಲ ತೋರಿಸಿದರು. ಮಾಮಾ ಬಾಗಿ ಆ ಜಾಗವನ್ನು ನೋಡಿದರು. ಅಲ್ಲಿ ಒದ್ದೆ ಹುಲ್ಲು ಬಿಟ್ಟು ಏನೂ ಇರಲಾರದು. ಇನ್ನಷ್ಟು ಮುಂದೆ ಹೋಗಿ ಅವರು ಎರಡನೆಯ ಜಾಗ ತೋರಿಸಿದರು. ಮಾಮಾ ಅಲ್ಲೂ ಬಾಗಿದರು. ಆಮೇಲೆ ಮಂಜು ಇಬ್ಬರನ್ನೂ ಮುಚ್ಚಿತು, ದನಿ ಮಾತ್ರ ಉಳಿಯಿತು.

"ಮೂವತ್ತಲ್ಲ, ನಲವತ್ತು ಇತ್ತು ಸಾಬ್."

"ಮೂವತ್ತು. ನಾ ಎಣಿಸೀನಿ."

ಮೊಮ್ಮಗಳು ಕಾಫಿ ಕಪ್ಪು ಹಿಡಿದು ನನ್ನ ಪಕ್ಕ ಬಂದು ನಿಂತಳು. "ವಾಟ್ ಆರ್ ದೆ ಡೂಯಿಂಗ್?" ಎಂದಳು. ಅಳತೆ ಮಾಡ್ತಿದಾರೆ ಎಂದೆ. ಅವಳು ಕಪ್ಪು ಕೆಳಗಿಟ್ಟು ಫೋನ್ ತೆಗೆದಳು. ಚಿತ್ರದಲ್ಲಿ ಬಿಳುಪು ಬಿಟ್ಟು ಬೇರೇನೂ ಬರಲಿಲ್ಲ.

ಮರಳುವ ದಾರಿಯಲ್ಲಿ ಮಾಮಾ ಜಾರ್ಜಿಯಾದ ಗಡಿ ದಾಟುವ ಮೊದಲೇ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದು, ತಲೆ ಕಿಟಕಿಗೆ ಆನಿಸಿ, ಸಣ್ಣ ಮಗುವಿನ ನಿದ್ದೆ. ರಾಲಿ ಮುಟ್ಟುವವರೆಗೆ ಎರಡೇ ಸಲ ಎದ್ದರು.

ಮರುದಿನ ಅವರು ತಮ್ಮ ಹಳೆಯ ದಳದ ಕೇಂದ್ರಕ್ಕೆ ಪತ್ರ ಬರೆಯಲು ಕುಳಿತರು. ಕೈಬರಹದಲ್ಲಿ ನಾಲ್ಕು ಪುಟ ಆಯಿತು. ಹವಾಲ್ದಾರರು ಮಾಡಿದ್ದನ್ನು ಬರೆದರು. ತಾವು ವೈರ್‌ಲೆಸ್ಸಿನಲ್ಲಿ ಹೇಳಿದ ಮಾತನ್ನೂ ಮುಚ್ಚಿಡದೆ ಬರೆದರು. ಓದಿದ ಮಗಳಿಗೆ ಗಾಬರಿಯಾಯಿತು.

"ಅಪ್ಪಾ, ಮೆಡಲ್ ವಾಪಸ್ ಕೊಡ್ರಿ ಅಂದ್ರ?"

"ಕೊಡೂಣು," ಎಂದರು ಮಾಮಾ, ಲಕೋಟೆಯ ಅಂಟು ಸವರುತ್ತ.

ಅಟ್ಲಾಂಟಾಕ್ಕೂ ಫೋನ್ ಮಾಡಿ ಹೇಳಿದರು. ಹವಾಲ್ದಾರರು ಬೇಡವೇ ಬೇಡ ಎಂದರು. ಇದೆಲ್ಲ ಈ ವಯಸ್ಸಲ್ಲಿ ಯಾಕೆ, ನಿಮ್ಮ ಹೆಸರಿಗೆ ಕಪ್ಪು ಮಸಿ ಯಾಕೆ ಎಂದರು. ಮಾಮಾ, ಇದು ನನ್ನ ಹುಕುಂ ಎಂದು ಫೋನ್ ಇಟ್ಟರು. ಆಮೇಲೆ ಅವರು ವಾರಕ್ಕೊಮ್ಮೆ ಮಾತಾಡತೊಡಗಿದರು. ಮೊಣಕಾಲು ನೋವು, ಮುದ್ದೆ, ಮೊಮ್ಮಕ್ಕಳ ಕನ್ನಡ, ಇಂಥ ಮಾತುಗಳು. ಪತ್ರದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಬೇಸಿಗೆ ಕಳೆದು ಚಳಿ ಬಂತು. ಮಾಮಾ ಕೆಲವು ದಿನ ನನ್ನ ಮನೆಯಲ್ಲಿರಲು ಬಂದಿದ್ದಾಗ ಮಗಳು ರಾಲಿಗೆ ಬಂದ ಉತ್ತರದ ಚಿತ್ರ ತೆಗೆದು ಫೋನಿಗೆ ಕಳಿಸಿದಳು. ನಾವು ಆಗ ನನ್ನ ಮನೆಗೆ ಹತ್ತಿರದ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಬಂದು ಕಾರು ನಿಲ್ಲಿಸುತ್ತಿದ್ದೆವು. ಶನಿವಾರ, ಜಾಗ ಸಿಗುವುದೇ ಕಷ್ಟ. ಮಾಮಾ ಇಳಿಯಲಿಲ್ಲ. ಕನ್ನಡಕ ಹಾಕಿಕೊಂಡು ಅಲ್ಲೇ ಎರಡು ಸಲ ಓದಿದರು. ದಳದ ಇತಿಹಾಸ ನೋಡಿಕೊಳ್ಳುವ ತರುಣ ಅಧಿಕಾರಿಯೊಬ್ಬರು ಬರೆದಿದ್ದರು. ಪದಕದ ವಿಷಯದಲ್ಲಿ ಬದಲಾವಣೆ ಏನೂ ಇಲ್ಲ. ಮಾಮಾನ ಪತ್ರವನ್ನು ಆ ಕಾರ್ಯಾಚರಣೆಯ ಕಡತಕ್ಕೆ ಸೇರಿಸಲಾಗಿದೆ. ಹೊಸದಾಗಿ ಸೇರಿದ ಸ್ಯಾಪರ್‌ಗಳಿಗೆ ಹೇಳುವ ವೃತ್ತಾಂತದಲ್ಲಿ ಇನ್ನು ಮುಂದೆ ಹವಾಲ್ದಾರರ ಹೆಸರೂ ಇರುತ್ತದೆ.

"ಹಚ್ಚು ಅವಗ," ಎಂದರು ಮಾಮಾ.

ನಾನು ಅಟ್ಲಾಂಟಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಹವಾಲ್ದಾರರು ಎತ್ತಿದರು. ಮಾಮಾ ಪೀಠಿಕೆ ಇಲ್ಲದೆ ಓದಲು ಶುರುಮಾಡಿದರು. ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ತಮ್ಮೊಳಗೇ ಓದಿಕೊಂಡು, ತಡೆದು, ಕನ್ನಡದಲ್ಲಿ ಹೇಳುತ್ತಿದ್ದರು. ಒಂದು ಕಡೆ ನಿಂತೇಬಿಟ್ಟರು. ಕರ್ತವ್ಯನಿಷ್ಠೆಯ ಬಗ್ಗೆ ಉದ್ದನೆಯ ಮಾತೊಂದು ಅಲ್ಲಿತ್ತು. ಅದನ್ನು ಹೇಗೆ ಹೇಳುವುದೆಂದು ಅವರು ಸ್ವಲ್ಪ ಹೊತ್ತು ಗಾಜಿನಾಚೆ ನೋಡಿದರು. ಹೊರಗೆ ಹಣ್ಣಿನ ಬುಟ್ಟಿ ಹಿಡಿದ ಹೆಂಗಸರು, ಕೋಟಿನ ಕೆಳಗೆ ಪಂಚೆ ಉಟ್ಟ ಗಂಡಸರು ಚಳಿಗೆ ಬೇಗ ಬೇಗ ಮೆಟ್ಟಿಲು ಹತ್ತುತ್ತಿದ್ದರು.

"ನೀ ಮಾಡಿದ ಕೆಲಸ ಬರದು ಇಟ್ಕೊಂಡಾರಂತ," ಎಂದರು ಮಾಮಾ. "ಹೊಸಾ ಹುಡುಗ್ರಿಗೆ ಹೇಳ್ತಾರಂತ."

ನಾನು ಫೋನನ್ನು ಮಾಮಾನ ಹತ್ತಿರಕ್ಕೆ ಹಿಡಿದೆ.

"ಇನ್ನೊಂದ್ಸಲ ಓದಿ ಸಾಬ್," ಎಂದರು ಹವಾಲ್ದಾರರು. "ನಿಧಾನಕ್ಕೆ. ನಮ್ ಮನೆಯವಳನ್ನ ಕರೀತೀನಿ, ಅವಳೂ ಕೇಳ್ಲಿ."

ಮಾಮಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನಾನು ಕಾರಿನ ಹೀಟರ್ ಹೆಚ್ಚು ಮಾಡಿದೆ. ಅತ್ತ ಕಡೆ ಕುರ್ಚಿ ಎಳೆದ ಸದ್ದು ಕೇಳಿದ ಮೇಲೆ ಅವರು ಮೊದಲಿನಿಂದ ಓದತೊಡಗಿದರು.